ನಕಾಶೆಯಲ್ಲಿ ಕಾಣದ ಬಾವಿ

ಕಳೆದ ತಿಂಗಳ ಎರಡನೇ ರವಿವಾರ ನಮ್ಮ ಸೊಸೈಟಿಯ ವಿಶೇಷ ಮಹಾಸಭೆ ನಡೆಯಿತು. ಮುಲುಂಡ್ ಪೂರ್ವದಲ್ಲಿರುವ ನಮ್ಮ ಕಟ್ಟಡಕ್ಕೆ ನಲ್ವತ್ತು ವರ್ಷ ಸಮೀಪಿಸುತ್ತಿದೆ. ಎರಡು ವಿಂಗ್, ತಳ ಅಂತಸ್ತು ಸೇರಿ ಐದು ಅಂತಸ್ತು, ಒಟ್ಟು 40 ಮನೆಗಳು. ಈ ಪೈಕಿ ಏಳು ಮನೆ ನಮ್ಮ ಊರಿನವರದ್ದು. ಸಭೆಯ ವಿಷಯ ಒಂದೇ, ರಿಡೆವಲಪ್‌ಮೆಂಟ್. ಬಿಲ್ಡರ್ ಕಡೆಯವರು ಲ್ಯಾಪ್‌ಟಾಪ್ ತಂದು ಗೋಡೆಯ ಮೇಲೆ ನಕಾಶೆ ತೋರಿಸಿದರು. 19 ಅಂತಸ್ತಿನ ಗೋಪುರ, ಪೋಡಿಯಂ ಮೇಲೆ ಉದ್ಯಾನ, ಜಿಮ್, ತಾರಸಿಯಲ್ಲಿ ಸೌರ ಫಲಕ. ಮೂಲೆಯಲ್ಲೊಂದು ಎಲೆಯ ಚಿತ್ರ ಬಿಡಿಸಿ 'ಗ್ರೀನ್ ಬಿಲ್ಡಿಂಗ್' ಎಂದೂ ಬರೆದಿತ್ತು. ಎಲ್ಲರೂ ತಮ್ಮ ಮನೆಗೆ ಎಷ್ಟು ಚದರಡಿ ಹೆಚ್ಚು ಸಿಗುತ್ತದೆ ಎಂದು ನೋಡುತ್ತಿದ್ದರು. ನಾನೂ ಅದನ್ನೇ ನೋಡಿದೆ, ಸುಳ್ಳು ಹೇಳುವುದಿಲ್ಲ. ಆಮೇಲೆ ನಕಾಶೆಯ ಹಿಂಬದಿಯ ಮೂಲೆಗೆ ಕಣ್ಣು ಹೋಯಿತು. "ಬಾವಿ ಎಲ್ಲಿದೆ?" ಎಂದು ಕೇಳಿದೆ.

"ಯಾವ ಬಾವಿ ಸರ್?" ಎಂದರು ಅವರು. ನಾವು ಬಾವಿ ಇರುವ ಜಾಗ ತೋರಿಸಿದಾಗ ಅಲ್ಲಿ ಕಾರುಗಳನ್ನು ಒಂದರ ಮೇಲೊಂದು ನಿಲ್ಲಿಸುವ ಪಾರ್ಕಿಂಗಿನ ಗುಂಡಿ ಬರುತ್ತದೆ ಎಂದು ತಿಳಿಯಿತು. ಸಭೆಯಲ್ಲಿ ಕೆಲವರು ನಕ್ಕರು. ನಲ್ಲಿಯಲ್ಲಿ ನೀರು ಬರುವಾಗ ಬಾವಿ ಯಾಕೆ ಎಂದು ಒಬ್ಬ ಯುವಕ ಕೇಳಿದ. ಆತ ಕೇಳಿದ್ದು ತಪ್ಪಲ್ಲ, ಅವನಿಗೆ ಆ ಬಾವಿಯ ಕಥೆ ಗೊತ್ತಿಲ್ಲ. ಅದನ್ನು ಸಭೆಯಲ್ಲಿ ಹೇಳಲು ಸಮಯವಿರಲಿಲ್ಲ. ಆದುದರಿಂದ ಇಲ್ಲಿ ಹೇಳುತ್ತಿದ್ದೇನೆ. ಮುಂಬಯಿಯ ಉಪನಗರಗಳಲ್ಲಿ ಹಳೆಯ ಸೊಸೈಟಿಗಳಲ್ಲಿ ವಾಸಿಸುವ ನಮ್ಮ ಬಾಂಧವರಲ್ಲಿ ಅನೇಕರು ಇಂದು ಇದೇ ಹೊಸ್ತಿಲಲ್ಲಿ ನಿಂತಿದ್ದಾರೆ. ಅವರಿಗೂ ಇದು ಉಪಯೋಗಕ್ಕೆ ಬರಬಹುದು.

ನಾನು ಇಂಜಿನಿಯರನಲ್ಲ. ಊರಿನಿಂದ ಬಂದು ಹಗಲು ಹೊಟೇಲಿನ ಗಲ್ಲಾಪೆಟ್ಟಿಗೆಯಲ್ಲಿ ಕುಳಿತು, ಸಂಜೆ ಕಾಲೇಜಿನಲ್ಲಿ ಬಿ.ಕಾಂ. ಮುಗಿಸಿ ಬ್ಯಾಂಕಿನಲ್ಲಿ ಗುಮಾಸ್ತನಾದವನು. ಸೊಸೈಟಿಯಲ್ಲಿ 2006ರಿಂದ ಹಲವು ಅವಧಿಗೆ ಕೋಶಾಧಿಕಾರಿ. ಬ್ಯಾಂಕಿನವರು ಎಂದರೆ ಲೆಕ್ಕ ಇವರ ತಲೆಗೆ ಕಟ್ಟಿರಿ ಎನ್ನುವುದು ಎಲ್ಲ ಸೊಸೈಟಿಗಳ ಪದ್ಧತಿ, ನಮ್ಮ ಸಂಘಗಳದ್ದೂ ಅದೇ. ಹೀಗಾಗಿ ನನ್ನ ಪರಿಸರ ಜ್ಞಾನವೆಲ್ಲ ಜಮಾ ಖರ್ಚಿನ ಪುಸ್ತಕದಿಂದ ಬಂದದ್ದು.

2005ರ ಜುಲೈ 26ನ್ನು ಮುಂಬಯಿಗರು ಮರೆತಿಲ್ಲ. ಸಾಂತಾಕ್ರೂಜ್ ಹವಾಮಾನ ಕೇಂದ್ರದಲ್ಲಿ 24 ಗಂಟೆಗಳಲ್ಲಿ 944 ಮಿ.ಮೀ. ಮಳೆ ದಾಖಲಾಯಿತು. ಆ ರಾತ್ರಿ ನಾನು ಫೋರ್ಟಿನ ಕಚೇರಿಯಲ್ಲೇ ಮೇಜಿನ ಮೇಲೆ ಮಲಗಿದ್ದೆ. ಮರುದಿನ ಸ್ವಲ್ಪ ದೂರ ಬಸ್ಸು, ಬಹಳ ದೂರ ರೈಲು ಹಳಿಯ ಮೇಲೆ ಕಾಲ್ನಡಿಗೆ ಎಂದು ಸಂಜೆಗೆ ಮನೆ ತಲುಪಿದೆ. ಅಂಗಳದಲ್ಲಿ ಮೊಣಕಾಲು ಮಟ್ಟದ ನೀರು. ಮನೆಯೊಳಗೆ ಬಂದು ಕಾಲು ತೊಳೆಯೋಣವೆಂದು ನಲ್ಲಿ ತಿರುಗಿಸಿದರೆ ಒಂದು ಹನಿ ಇಲ್ಲ. ವಿದ್ಯುತ್ ಇಲ್ಲದೆ ಪಂಪು ನಿಂತಿತ್ತು, ತಾರಸಿಯ ಟಾಕಿ ಖಾಲಿ. ಹೆಂಡತಿ ಬಾಲ್ಕನಿಯ ಕಬ್ಬಿಣದ ಜಾಲರಿಯ ಹೊರಗೆ ಬಾಲ್ದಿ ಇಟ್ಟು ಮಳೆ ನೀರು ಹಿಡಿದಿದ್ದಳು. ಊರಿನಲ್ಲಿ ಹಂಚಿನ ಮಾಡಿನ ಅಂಚಿಗೆ ಅಡಿಕೆ ಮರದ ದಂಬೆ ಕಟ್ಟಿ ನೀರು ಹಿಡಿಯುತ್ತಿದ್ದ ಮನೆಯಿಂದ ಬಂದವಳು. ಅವಳಿಗೆ ಇದು ಹೊಸತೇನಲ್ಲ. ನನಗೆ ಮಾತ್ರ ಅಂದು ಏನೋ ಚುಚ್ಚಿದಂತಾಯಿತು.

ಮುಂದೆ ಕೋಶಾಧಿಕಾರಿಯಾದಾಗ ಸುಮ್ಮನೆ ಒಂದು ಲೆಕ್ಕ ಹಾಕಿ ನೋಡಿದೆ. ಒಂದು ಚದರ ಮೀಟರ್ ಜಾಗದ ಮೇಲೆ ಒಂದು ಮಿ.ಮೀ. ಮಳೆ ಬಿದ್ದರೆ ಒಂದು ಲೀಟರ್ ನೀರು. ಇಷ್ಟು ತಿಳಿದರೆ ಸಾಕು, ಉಳಿದದ್ದೆಲ್ಲ ಗುಣಾಕಾರ. ನಮ್ಮ ಎರಡು ವಿಂಗ್‌ಗಳ ತಾರಸಿ ಸೇರಿ ಸುಮಾರು 480 ಚದರ ಮೀಟರ್. ಸಾಂತಾಕ್ರೂಜ್‌ನ ಆ ಒಂದು ದಿನದ ಮಳೆ ನಮ್ಮ ತಾರಸಿಗೆ ಬಿದ್ದಿದ್ದರೆ ನಾಲ್ಕೂವರೆ ಲಕ್ಷ ಲೀಟರ್. ಹತ್ತು ಸಾವಿರ ಲೀಟರಿನ ಟ್ಯಾಂಕರ್ ಲೆಕ್ಕದಲ್ಲಿ 45 ಟ್ಯಾಂಕರ್. ನಮ್ಮದೊಂದೇ ಕಟ್ಟಡದಿಂದ ಇಷ್ಟು ನೀರು ಚರಂಡಿಗೆ. ಬ್ರಿಟಿಷರ ಕಾಲದಿಂದ ಬಂದ ಮುಂಬಯಿಯ ಮಳೆ ನೀರಿನ ಚರಂಡಿಗಳು ಗಂಟೆಗೆ 25 ಮಿ.ಮೀ. ಮಳೆಗೆ, ಅದೂ ಸಮುದ್ರ ಇಳಿದಿರುವಾಗ, ಸಾಕಾಗುವಂತೆ ರೂಪಿಸಿದವು. 1993ರ ಬ್ರಿಮ್‌ಸ್ಟೋವಾಡ್ ವರದಿ ಅದನ್ನು 50 ಮಿ.ಮೀ.ಗೆ ಏರಿಸಬೇಕೆಂದು ಹೇಳಿತ್ತು. ಆ ಕೆಲಸಕ್ಕೆ ವೇಗ ಬಂದದ್ದು 2005ರ ಪ್ರಳಯದ ಬಳಿಕವೇ.

ಒಂದು ಬಾವಿಯಿಂದ ಅಂತಹ ಪ್ರಳಯ ತಡೆಯಬಹುದು ಎಂದು ನಾನು ಹೇಳುವುದಿಲ್ಲ. ಆದರೆ ವರ್ಷದ ಲೆಕ್ಕ ಬೇರೆ. ಮುಂಬಯಿಯಲ್ಲಿ ಒಂದು ಮಳೆಗಾಲಕ್ಕೆ ಸರಾಸರಿ 2,200 ಮಿ.ಮೀ. ಎಂದಿಟ್ಟುಕೊಳ್ಳೋಣ. ಆವಿಯಾಗಿ, ಚೆಲ್ಲಿ ಹೋಗುವುದನ್ನು ಕಳೆದು ಶೇ. 80 ಸಿಕ್ಕಿದರೂ ನಮ್ಮ ತಾರಸಿಯಿಂದ ಸುಮಾರು 8 ಲಕ್ಷ 45 ಸಾವಿರ ಲೀಟರ್. ಒಬ್ಬ ವ್ಯಕ್ತಿಗೆ ದಿನಕ್ಕೆ 135 ಲೀಟರ್ ಬೇಕೆನ್ನುವುದು ಸರಕಾರಿ ಮಾನಕ. 40 ಮನೆಗೆ ತಲಾ ನಾಲ್ಕು ಜನರಂತೆ ದಿನಕ್ಕೆ 21,600 ಲೀಟರ್. ಅಂದರೆ ವರ್ಷದ ಮಳೆಯೆಲ್ಲ ಕೂಡಿಟ್ಟರೂ 39 ದಿನಕ್ಕೆ ಮುಗಿಯಿತು. "ಇಷ್ಟಕ್ಕೇ ಇಷ್ಟು ಗಲಾಟೆಯಾ?" ಎಂದು ಅಂದಿನ ನಮ್ಮ ಕಾರ್ಯದರ್ಶಿಯವರು ಕೇಳಿದ್ದುಂಟು.

ಅಲ್ಲೇ ಲೆಕ್ಕದ ಸ್ವಾರಸ್ಯ ಇರುವುದು. ಆ 135 ಲೀಟರಿನಲ್ಲಿ 45 ಲೀಟರ್ ಶೌಚಾಲಯದ ಫ್ಲಶ್‌ಗೇ ಹೋಗುತ್ತದೆ ಎಂದು ಅದೇ ಮಾನಕ ಹೇಳುತ್ತದೆ. ವೈತರಣಾ, ಭಾತ್ಸಾದಂತಹ ನೂರು ಕಿಲೋಮೀಟರ್ ಆಚೆಯ ಜಲಾಶಯಗಳಿಂದ ಕೊಳವೆಯಲ್ಲಿ ತಂದು, ಭಾಂಡೂಪಿನಲ್ಲಿ ಶುದ್ಧೀಕರಿಸಿ, ಕುಡಿಯಲು ಯೋಗ್ಯವಾಗಿಸಿದ ನೀರನ್ನು ನಾವು ಶೌಚಾಲಯಕ್ಕೆ ಸುರಿಯುತ್ತೇವೆ. ನಮ್ಮ 160 ಜನಕ್ಕೆ ಫ್ಲಶ್‌ಗೆ ಬೇಕಾದದ್ದು ದಿನಕ್ಕೆ 7,200 ಲೀಟರ್. 8 ಲಕ್ಷ 45 ಸಾವಿರವನ್ನು ಅದರಿಂದ ಭಾಗಿಸಿ ನೋಡಿರಿ, 117 ದಿನ ಬರುತ್ತದೆ. ಹೆಚ್ಚು ಕಡಿಮೆ ಜೂನ್‌ನಿಂದ ಸೆಪ್ಟೆಂಬರ್ ಪೂರ್ತಿ. ಬಂದ ಹಾಗೆ ಬಳಸಿದರೆ ದೊಡ್ಡ ಟಾಕಿಯೂ ಬೇಡ, ಮಿಕ್ಕದ್ದನ್ನು ಬಾವಿಗೆ ಬಿಟ್ಟರಾಯಿತು.

ಮುಚ್ಚಿದ ಬಾವಿ ತೆರೆದದ್ದು

ಬಾವಿ ಹೊಸದಲ್ಲ. ಕಟ್ಟಡ ಬರುವ ಮೊದಲೇ ಅಲ್ಲಿತ್ತು. ಕಟ್ಟುವಾಗ ಅದರ ಮೇಲೆ ಕಾಂಕ್ರೀಟ್ ಹಲಗೆ ಹಾಕಿ ಮುಚ್ಚಿದ್ದರು, ಅದರ ಮೇಲೆ ಒಂದು ಸ್ಕೂಟರ್ ನಿಲ್ಲುತ್ತಿತ್ತು. ಮುಂಬಯಿಗೆ ಇದೂ ಹಳೆಯ ಅಭ್ಯಾಸ. 1860ರಲ್ಲಿ ವಿಹಾರ್ ಕೆರೆಯ ನೀರು ಬರುವ ತನಕ ಈ ನಗರ ಬದುಕಿದ್ದೇ ಬಾವಿ, ತಲಾವುಗಳಿಂದ. ಆಮೇಲೆ ತುಳಸಿ, ತಾನ್ಸಾ ಬಂದವು. ಮಲೇರಿಯಾದ ಭಯದಿಂದ 20ನೇ ಶತಮಾನದ ಆರಂಭದಲ್ಲಿ ಅನೇಕ ಬಾವಿಗಳನ್ನು ಮುಚ್ಚಿಸಲಾಯಿತು. ಧೋಬಿ ತಲಾವ್, ಗೋವಾಲಿಯಾ ಟ್ಯಾಂಕ್ ಎಂಬ ಹೆಸರು ಉಳಿದಿವೆ, ನೀರು ಇಲ್ಲ. ಚರ್ಚ್‌ಗೇಟ್ ಬಳಿ ಪಾರ್ಸಿ ಬಾಂಧವರು 1725ರಲ್ಲಿ ತೋಡಿಸಿದ ಭಿಖಾ ಬೆಹ್ರಾಮ್ ಬಾವಿ ಮಾತ್ರ ಇಂದಿಗೂ ಇದೆ. ಸಮುದ್ರದ ಇಷ್ಟು ಹತ್ತಿರದಲ್ಲಿ ಸಿಹಿ ನೀರು. ಅಲ್ಲಿ ಹಾದು ಹೋಗುವಾಗಲೆಲ್ಲ ನಮ್ಮ ಸ್ಕೂಟರ್ ಕೆಳಗಿನ ಬಾವಿ ನೆನಪಾಗುತ್ತಿತ್ತು.

2008ರಲ್ಲಿ ಮೊದಲ ಪ್ರಯತ್ನ ಮಾಡಿದೆವು, ಸೋತೆವು. ಪಾಲಿಕೆ 2002ರಲ್ಲಿ ಸಾವಿರ ಚದರ ಮೀಟರಿಗಿಂತ ದೊಡ್ಡ ನಿವೇಶನದ ಹೊಸ ಕಟ್ಟಡಗಳಿಗೆ ಮಳೆ ನೀರು ಕೊಯ್ಲು ಕಡ್ಡಾಯ ಮಾಡಿತ್ತು. 2007ರಲ್ಲಿ ಅದನ್ನು 300 ಚದರ ಮೀಟರಿಗೆ ಇಳಿಸಲಾಯಿತು. ಹಳೆಯ ಕಟ್ಟಡವಾದ ನಮಗೆ ಅದರ ಬಂಧನವಿರಲಿಲ್ಲ. ಆದರೆ ಊರೆಲ್ಲ ಅದೇ ಮಾತಾಗಿದ್ದುದರಿಂದ ಗುತ್ತಿಗೆದಾರರೊಬ್ಬರು ಬಂದರು, ತಾರಸಿಯಿಂದ ಕೊಳವೆ ಇಳಿಸಿದರು, ಇಟ್ಟಿಗೆಯ ಚೌಕದಲ್ಲಿ ಜಲ್ಲಿ, ಮರಳು, ಇದ್ದಿಲು ತುಂಬಿ ಬಾವಿಗೆ ಜೋಡಿಸಿದರು, ಫೋಟೋ ತೆಗೆದರು, ಚೆಕ್ ತೆಗೆದುಕೊಂಡು ಹೋದರು. ಮೊದಲ ಮಳೆಗೇ ಎಂಟು ತಿಂಗಳ ಧೂಳು, ಪಾರಿವಾಳದ ಹಿಕ್ಕೆ ಎಲ್ಲ ತೊಳೆದುಕೊಂಡು ಜಲ್ಲಿಗೆ ಬಂತು. ಮೊದಲ ಎರಡು ಮೂರು ಮಳೆಯ ನೀರನ್ನು ಹೊರಗೆ ಬಿಡಲು ಒಂದು ವಾಲ್ವ್ ಬೇಕು, ಅದನ್ನು ಯಾರಾದರೂ ಹೋಗಿ ತೆರೆದು ಮುಚ್ಚಬೇಕು ಎಂದು ನಮಗೆ ಯಾರೂ ಹೇಳಿರಲಿಲ್ಲ. ಜುಲೈಯಲ್ಲಿ ಸೋಸುವ ಚೌಕ ಕಟ್ಟಿ ನಿಂತು ನೀರು ತಳ ಅಂತಸ್ತಿನ ಮನೆಯೊಂದರ ಅಡುಗೆ ಕೋಣೆಗೆ ನುಗ್ಗಿತು. ಆ ಮನೆಯವರು ನನ್ನೊಡನೆ ಎರಡು ವರ್ಷ ಮಾತಾಡಲಿಲ್ಲ. ಬಾವಿಯ ನೀರೂ ವಾಸನೆ ಬರತೊಡಗಿತು. ನೋಡಿದರೆ ಹತ್ತಿರದಲ್ಲೇ ಮಲಿನ ನೀರಿನ ಚೇಂಬರ್ ಒಡೆದು ಸೋರುತ್ತಿತ್ತು. ಕೊಳವೆಯನ್ನು ತಿರುಗಿಸಿ ಮತ್ತೆ ಚರಂಡಿಗೇ ಬಿಟ್ಟೆವು. ವಾರ್ಷಿಕ ಸಭೆಯಲ್ಲಿ ಆ ಖರ್ಚನ್ನು ಯಾವ ತಲೆಬರಹದಡಿ ತೋರಿಸಿದಿರಿ ಎಂದು ಕೇಳಿದವರಿಗೆ ಉತ್ತರಿಸುವಾಗ ನನ್ನ ಮುಖ ಸಣ್ಣದಾಗಿತ್ತು.

2009ರಲ್ಲಿ ಮಳೆ ಕೈಕೊಟ್ಟಿತು. ಪಾಲಿಕೆ ನೀರು ಕಡಿತ ಮಾಡಿತು. ನಮ್ಮ ಸೊಸೈಟಿ ಟ್ಯಾಂಕರ್ ತರಿಸಲು ಆರಂಭಿಸಿತು. ಟ್ಯಾಂಕರಿನ ಬಿಲ್ಲು ನೋಡಿದ ಬಳಿಕ ಬಾವಿಯ ಬಗ್ಗೆ ಸದಸ್ಯರ ಅಭಿಪ್ರಾಯ ಬದಲಾಯಿತು. ಪರಿಸರ ಪ್ರೇಮಕ್ಕಿಂತ ಮೇಂಟೆನೆನ್ಸ್ ಬಿಲ್ಲು ಹೆಚ್ಚು ಬೇಗ ಮನಸ್ಸು ತಿರುಗಿಸುತ್ತದೆ ಎನ್ನುವುದು ನನ್ನ ಅನುಭವ.

2010ರಲ್ಲಿ ಎರಡನೇ ಬಾರಿ ಕೈ ಹಾಕಿದಾಗ ಮೊದಲು ಮಾಡಿದ ಕೆಲಸವೇ ಒಡೆದ ಚೇಂಬರ್ ರಿಪೇರಿ. ಆಮೇಲೆ ಬಾವಿ ಬರಿದು ಮಾಡಿ ಹೂಳು ತೆಗೆಸಿದೆವು. ಪಾಲಿಕೆಯ ಕೀಟನಾಶಕ ವಿಭಾಗದವರು ಸೊಳ್ಳೆ ನುಗ್ಗದಂತೆ ಮುಚ್ಚಳ ಬೇಕೆಂದರು. ಅದು ಸರಿಯಾದ ಮಾತೇ, ಉಕ್ಕಿನ ಮುಚ್ಚಳ ಹಾಕಿಸಿ ಕೊಳವೆಯ ಬಾಯಿಗೆ ಜಾಲರಿ ಕಟ್ಟಿದೆವು. ನೀರನ್ನು ಪ್ರಯೋಗಾಲಯಕ್ಕೆ ಕಳಿಸಿದಾಗ ಕುಡಿಯಲು ಯೋಗ್ಯವಲ್ಲ ಎಂದು ಬಂತು. ಆಸೆ ಬಿಟ್ಟು, ಫ್ಲಶ್, ಗಿಡ, ಕಾರು ತೊಳೆಯುವುದು, ಮೆಟ್ಟಿಲು ಒರೆಸುವುದು ಇಷ್ಟಕ್ಕೇ ಎಂದು ನಿರ್ಣಯಿಸಿದೆವು. ತಾರಸಿಯಲ್ಲಿ ಬೇರೆ ಟಾಕಿ, ಹೊರ ಗೋಡೆಯ ಮೇಲೆ ಬೇರೆ ಕೊಳವೆ. ಕುಡಿಯುವ ನೀರಿನ ಕೊಳವೆಗೆ ಎಲ್ಲಿಯೂ ತಾಗದಂತೆ, ಬೇರೆ ಬಣ್ಣ ಬಳಿದು. 40ರಲ್ಲಿ 26 ಮನೆಯವರು ಮಾತ್ರ ಜೋಡಣೆ ತೆಗೆದುಕೊಂಡರು. ಸ್ನಾನಗೃಹದ ಟೈಲ್ಸ್ ಒಡೆಯಬೇಕಲ್ಲ ಎಂದು ಉಳಿದವರು ಹಿಂದೆ ಸರಿದರು. ಮೊದಲು ಅಡುಗೆ ಕೋಣೆಗೆ ನೀರು ನುಗ್ಗಿದ ಆ ತಳ ಅಂತಸ್ತಿನ ಮನೆ 26ರಲ್ಲಿ ಒಂದು, ಇದನ್ನು ನಾನು ಹೆಮ್ಮೆಯಿಂದ ಹೇಳಿಕೊಳ್ಳುತ್ತೇನೆ.

ವಾಲ್ವ್ ತಿರುಗಿಸುವವರು ಯಾರು?

ಈ ವ್ಯವಸ್ಥೆ ಎರಡನೇ ಬಾರಿ ನಿಂತದ್ದು ಜಲ್ಲಿ ಮರಳಿನಿಂದಲ್ಲ, ನಮ್ಮ ವಾಚ್‌ಮನ್‌ನಿಂದ. ಅವರು ಗದಗದ ಕಡೆಯ ಬಯಲು ಸೀಮೆಯವರು. ಬಾವಿ ಆಳಕ್ಕೆ ಹೋಗುವುದನ್ನು ಬಾಲ್ಯದಿಂದ ಕಂಡವರು. ಮೇ ಕೊನೆಯ ವಾರ ಯಾರೂ ಹೇಳದಿದ್ದರೂ ತಾರಸಿ ಗುಡಿಸುತ್ತಿದ್ದರು. ಮೊದಲ ಮಳೆಗೆ ಕೊಡೆ ಹಿಡಿದು ಹೋಗಿ ವಾಲ್ವ್ ತೆರೆಯುತ್ತಿದ್ದರು, ಮೂರನೇ ಮಳೆಗೆ ಮುಚ್ಚುತ್ತಿದ್ದರು. ಹದಿನೈದು ದಿನಕ್ಕೊಮ್ಮೆ ಮೇಲಿನ ಮರಳಿನ ಪದರ ತೆಗೆದು ತೊಳೆಯುತ್ತಿದ್ದರು. ಬಾವಿಯೊಳಗೆ ಹಗ್ಗಕ್ಕೆ ಗಂಟು ಹಾಕಿ ಇಳಿಬಿಟ್ಟು ನೀರಿನ ಮಟ್ಟ ಅಳೆದು ಗೇಟಿನ ಬಳಿ ಇರುವ ಹಾಜರಿ ಪುಸ್ತಕದ ಹಿಂಬದಿಯ ಪುಟದಲ್ಲಿ ಕನ್ನಡದಲ್ಲಿ ಬರೆದಿಡುತ್ತಿದ್ದರು. ನಮ್ಮಲ್ಲಿ ಯಾರೂ ಅದನ್ನು ಅವರಿಗೆ ಹೇಳಿಕೊಟ್ಟದ್ದಲ್ಲ. 2017ರಲ್ಲಿ ಅವರು ಊರಿಗೆ ಹೋದರು. ಸೆಕ್ಯೂರಿಟಿ ಕಂಪೆನಿಯ ಹುಡುಗರು ಬಂದರು, ಮೂರು ತಿಂಗಳಿಗೊಬ್ಬ. 2018ರ ಮಳೆಗಾಲದಲ್ಲಿ ಸೋಸುವ ಚೌಕ ಮತ್ತೆ ಕಟ್ಟಿತು.

ನಮ್ಮವರೇ ಆದ ಸರ್ ಎಂ. ವಿಶ್ವೇಶ್ವರಯ್ಯನವರು ಮುಂಬಯಿ ಪ್ರಾಂತದ ಲೋಕೋಪಯೋಗಿ ಇಲಾಖೆಯಲ್ಲಿದ್ದಾಗ ಪುಣೆಯ ಖಡಕ್‌ವಾಸ್ಲಾ ಜಲಾಶಯಕ್ಕೆ ನೀರು ಏರಿದಾಗ ತಾನಾಗಿ ತೆರೆಯುವ ಬಾಗಿಲುಗಳನ್ನು ರೂಪಿಸಿದರು, 1903ರಲ್ಲಿ ಅವು ಬಂದವು. 1908ರ ಮೂಸಿ ನದಿಯ ಮಹಾಪೂರದ ಬಳಿಕ ಹೈದರಾಬಾದಿಗೆ ಅವರು ಕೊಟ್ಟ ಸಲಹೆಯ ಫಲ ಉಸ್ಮಾನ್ ಸಾಗರ, ಹಿಮಾಯತ್ ಸಾಗರ. ಮಾಟುಂಗಾದಲ್ಲಿ ಅವರ ಹೆಸರಿನ ಸ್ಮಾರಕ ಮಂದಿರದ ಸಭಾಗೃಹದಲ್ಲಿ ಕೂತಾಗ ನನಗೆ ಒಮ್ಮೊಮ್ಮೆ ಅನಿಸುವುದಿದೆ. ನಮ್ಮ ಮುಲುಂಡಿನ ಜಲ್ಲಿ ಚೌಕಕ್ಕೂ ತಾನಾಗಿ ತೊಳೆದುಕೊಳ್ಳುವ ಬುದ್ಧಿ ಇದ್ದಿದ್ದರೆ! ಇಲ್ಲ, ಅದಕ್ಕೆ ಮನುಷ್ಯ ಬೇಕು. ಆ ಮನುಷ್ಯನಿಗೆ ಸಂಬಳ ಬೇಕು, ಆ ಸಂಬಳಕ್ಕೆ ವಾರ್ಷಿಕ ಆಯವ್ಯಯದಲ್ಲಿ ಒಂದು ಸಾಲು ಬೇಕು. 2019ರಿಂದ ಅಂತಹ ಒಂದು ಸಾಲನ್ನು ಹಾಕಿಸಿದ್ದೇನೆ. ಪ್ಲಂಬರ್ ಒಬ್ಬರಿಗೆ ವರ್ಷಕ್ಕೆ ಆರು ಭೇಟಿಯ ಕರಾರು. ಮೊತ್ತ ದೊಡ್ಡದೇನಲ್ಲ, ಒಂದು ಗಣೇಶೋತ್ಸವದ ಮಂಟಪದ ದೀಪಾಲಂಕಾರಕ್ಕಿಂತ ಕಡಿಮೆ. ಆದರೂ ಪ್ರತಿ ವರ್ಷ ಅದರ ಮೇಲೆ ಚರ್ಚೆ ಆಗಿಯೇ ಆಗುತ್ತದೆ.

ಇದು ನಮ್ಮ ಕಟ್ಟಡದ ಕಥೆ ಮಾತ್ರವಲ್ಲ. ಚೆನ್ನೈಯಲ್ಲಿರುವ ನಮ್ಮ ಕನ್ನಡಿಗ ಮಿತ್ರರಿಗೆ ಗೊತ್ತಿದೆ, ತಮಿಳುನಾಡು ಸರಕಾರ 2003ರಲ್ಲಿ ಹಳೆಯದು, ಹೊಸದು ಎನ್ನದೆ ಎಲ್ಲ ಕಟ್ಟಡಗಳಿಗೂ ಮಳೆ ನೀರು ಕೊಯ್ಲು ಕಡ್ಡಾಯ ಮಾಡಿತು. ಹೀಗೆ ಗಟ್ಟಿಯಾಗಿ ಮಾಡಿದ ರಾಜ್ಯ ಬೇರೆ ಇರಲಿಲ್ಲ. ಆದರೂ 2019ರ ಬೇಸಿಗೆಯಲ್ಲಿ ಕೆರೆಗಳು ಒಣಗಿ, ಜುಲೈಯಲ್ಲಿ ಜೋಲಾರ್‌ಪೇಟೆಯಿಂದ ರೈಲಿನಲ್ಲಿ ನೀರು ತರಿಸಬೇಕಾಯಿತು. ಅಲ್ಲಿನ ನನ್ನ ಸಹೋದ್ಯೋಗಿಯೊಬ್ಬರ ಅಪಾರ್ಟ್‌ಮೆಂಟಿನಲ್ಲಿ 2003ರಲ್ಲಿ ತೋಡಿದ ಇಂಗು ಗುಂಡಿಯ ಮೇಲೆ ಟೈಲ್ಸ್ ಹಾಸಿದ್ದರಂತೆ. ಎಲ್ಲಿದೆ ಎಂದು ಹುಡುಕಲು ಎರಡು ದಿನ ಬೇಕಾಯಿತು.

ಅದಕ್ಕೆ ವಿರುದ್ಧವಾದ ಉದಾಹರಣೆಯೂ ಇದೆ. ಬೆಂಗಳೂರಿನಲ್ಲಿ ಕರ್ನಾಟಕ ರಾಜ್ಯ ವಿಜ್ಞಾನ ಮತ್ತು ತಂತ್ರಜ್ಞಾನ ಮಂಡಳಿಯಲ್ಲಿದ್ದ ವಿಜ್ಞಾನಿ ಎ. ಆರ್. ಶಿವಕುಮಾರ್ ಅವರು 1990ರ ದಶಕದಲ್ಲಿ ಮನೆ ಕಟ್ಟಿದಾಗ ಜಲಮಂಡಳಿಯ ನಲ್ಲಿಯನ್ನೇ ತೆಗೆದುಕೊಳ್ಳದೆ ಮಳೆ ನೀರಿನಿಂದಲೇ ಸಂಸಾರ ನಡೆಸಿ ತೋರಿಸಿದರು. ಬೆಂಗಳೂರಿನ ಮಳೆ ಮುಂಬಯಿಯ ಅರ್ಧದಷ್ಟೂ ಇಲ್ಲ ಎಂಬುದನ್ನು ಗಮನಿಸಬೇಕು. ಅಲ್ಲಿ 2009ರಲ್ಲಿ ಮಳೆ ನೀರು ಕೊಯ್ಲು ಕಡ್ಡಾಯವಾಯಿತು. 2024ರ ಬೇಸಿಗೆಯಲ್ಲಿ ಕೊಳವೆ ಬಾವಿಗಳು ಬತ್ತಿ ಟ್ಯಾಂಕರಿನ ಹಿಂದೆ ಜನ ಓಡಿದ್ದೂ ಅಲ್ಲೇ. ಶಿವಕುಮಾರ್ ಅವರ ಮನೆಯಲ್ಲಿ ಮಳೆ ನೀರು ನೋಡಿಕೊಳ್ಳುವವರು ಮನೆಯ ಯಜಮಾನರೇ. 40 ಯಜಮಾನರಿರುವ ಸೊಸೈಟಿಯಲ್ಲಿ ಯಾರ ಕೆಲಸವೂ ಅಲ್ಲದ ಕೆಲಸ ಕೊಳೆತು ಹೋಗುತ್ತದೆ.

ವಿದ್ಯುತ್, ಕಸ, ನಮ್ಮ ಭವನಗಳು

ನೀರಿನಷ್ಟು ತಲೆನೋವು ವಿದ್ಯುತ್ತಿನಲ್ಲಿ ಇರಲಿಲ್ಲ. ಮೆಟ್ಟಿಲು, ಅಂಗಳದ 24 ಹಳೆಯ ಟ್ಯೂಬ್‌ಲೈಟ್‌ಗಳ ಬದಲಿಗೆ ಎಲ್‌ಇಡಿ ಹಾಕಿದೆವು. ಚೋಕ್ ಸೇರಿ ಒಂದೊಂದಕ್ಕೆ ಸುಮಾರು 35 ವ್ಯಾಟ್ ಉಳಿತಾಯ, ದಿನಕ್ಕೆ 12 ಗಂಟೆ, ವರ್ಷಕ್ಕೆ 3,600ಕ್ಕೂ ಹೆಚ್ಚು ಯುನಿಟ್. ಒಂದೇ ಸಭೆಯಲ್ಲಿ ಮಂಜೂರಾಯಿತು, ಏಕೆಂದರೆ ಮುಂದಿನ ತಿಂಗಳ ಬಿಲ್ಲಿನಲ್ಲೇ ಕಂಡಿತು. ಸೌರ ಫಲಕದ ಮಾತು ಬಂದಾಗ, ಹೇಗೂ ಒಡೆಯುವ ಕಟ್ಟಡಕ್ಕೆ ಯಾಕೆ ಎಂದು ಬಿಟ್ಟೆವು. ಒಡೆಯುವ ವಿಚಾರ ಇಲ್ಲದ ಸೊಸೈಟಿಗಳು ಬಿಡಬಾರದು. 2024ರ ಫೆಬ್ರವರಿಯಲ್ಲಿ ಆರಂಭವಾದ ಪಿಎಂ ಸೂರ್ಯ ಘರ್ ಯೋಜನೆಯಲ್ಲಿ ಸೊಸೈಟಿಗಳ ಲಿಫ್ಟ್, ಪಂಪು ಮುಂತಾದ ಸಾಮೂಹಿಕ ಬಳಕೆಗೆ ಕಿಲೋವ್ಯಾಟಿಗೆ 18,000 ರೂ. ಸಹಾಯಧನ ನಿಗದಿಯಾಯಿತು. ಒಂದು ಕಿಲೋವ್ಯಾಟಿಗೆ ಸುಮಾರು ನೂರು ಚದರಡಿ ತಾರಸಿ ಬೇಕು, ಬಿಸಿಲಿದ್ದರೆ ದಿನಕ್ಕೆ ನಾಲ್ಕು ಯುನಿಟ್ ಆಸುಪಾಸು ಸಿಗುತ್ತದೆ. ಮುಂಬಯಿಯ ಮಳೆಗಾಲದಲ್ಲಿ ಅಷ್ಟು ನಿರೀಕ್ಷಿಸಬಾರದು. ಪಾಲಿಕೆಯವರು 2022ರ ಮಾರ್ಚ್‌ನಲ್ಲಿ ಪ್ರಕಟಿಸಿದ ಹವಾಮಾನ ಯೋಜನೆಯ ಪ್ರಕಾರ ಈ ನಗರದ ಹೊಗೆ ಅನಿಲದಲ್ಲಿ ಶೇ. 70ಕ್ಕೂ ಹೆಚ್ಚು ಪಾಲು ಕಟ್ಟಡಗಳೊಳಗೆ ಉರಿಯುವ ವಿದ್ಯುತ್, ಇಂಧನದಿಂದ ಬರುವಂಥದ್ದು. ರಸ್ತೆಯ ಮೇಲಿನ ವಾಹನ ನೋಡಿ ಮೂಗು ಮುಚ್ಚಿಕೊಳ್ಳುವ ನಾವು ನಮ್ಮ ಮೀಟರ್ ಕೋಣೆಯತ್ತ ನೋಡುವುದಿಲ್ಲ.

ಕಸದ ಬಗ್ಗೆ ಮುಲುಂಡಿನವರಿಗೆ ಭಾಷಣ ಬೇಡ. 2018ರಲ್ಲಿ ಮುಚ್ಚುವ ತನಕ ಇಲ್ಲಿನ ಡಂಪಿಂಗ್ ಮೈದಾನದ ವಾಸನೆ ಗಾಳಿ ತಿರುಗಿದಾಗ ನಮ್ಮ ಊಟದ ಮೇಜಿಗೆ ಬರುತ್ತಿತ್ತು. ಅದೇ ನೆನಪಿನಿಂದ ನಮ್ಮ ಕಟ್ಟಡದ ಹೆಂಗಸರು ಹಸಿ ಕಸ, ಒಣ ಕಸ ಬೇರೆ ಮಾಡಿ ಎರಡು ಡ್ರಮ್‌ಗಳಲ್ಲಿ ಗೊಬ್ಬರ ಮಾಡಲು ತೊಡಗಿದರು. 2017ರಲ್ಲಿ ದೊಡ್ಡ ಸೊಸೈಟಿಗಳಿಗೆ, ಅಂದರೆ ದಿನಕ್ಕೆ ನೂರು ಕಿಲೋಗಿಂತ ಹೆಚ್ಚು ಕಸ ಮಾಡುವವರಿಗೆ, ಪಾಲಿಕೆ ನೋಟಿಸ್ ಕೊಟ್ಟಾಗ ನಮಗೆ ನೋಟಿಸ್ ಬರಲಿಲ್ಲ, ಡ್ರಮ್ ಮಾತ್ರ ಮೊದಲೇ ಇತ್ತು.

ಇನ್ನು ನಮ್ಮ ಸಂಘ ಸಂಸ್ಥೆಗಳ ಬಗ್ಗೆ ಒಂದು ಮಾತು, ಬೇಸರಿಸಬಾರದು. ಮುಂಬಯಿಯಲ್ಲಿ ತುಳು ಕನ್ನಡಿಗರು ಬೆವರು ಸುರಿಸಿ ಕಟ್ಟಿದ ಭವನಗಳು ಎಷ್ಟೊಂದು! ಪುಣೆ, ದೆಹಲಿ, ಹೈದರಾಬಾದಿನಲ್ಲೂ ಇವೆ. ಹತ್ತು ಸಾವಿರ ಚದರಡಿಯ ಒಂದು ಭವನದ ಛಾವಣಿ ನಮ್ಮ 40 ಮನೆಗಳ ತಾರಸಿಯ ಸುಮಾರು ಎರಡು ಪಟ್ಟು. ಅಲ್ಲಿ ರಾತ್ರಿ ವಾಸ ಮಾಡುವವರಿಲ್ಲ, ನೀರಿನ ಅಗತ್ಯ ಬರುವುದು ಮದುವೆ, ಯಕ್ಷಗಾನ, ವಾರ್ಷಿಕೋತ್ಸವದ ದಿನ ಶೌಚಾಲಯಕ್ಕೆ ಮತ್ತು ಪಾತ್ರೆ ತೊಳೆಯುವುದಕ್ಕೆ. ಅಂದು ಟ್ಯಾಂಕರ್ ತರಿಸುತ್ತೇವೆ. ದಾನಿಗಳ ಹೆಸರನ್ನು ಸಭಾಗೃಹಕ್ಕೆ, ವೇದಿಕೆಗೆ, ಪ್ರವೇಶ ದ್ವಾರಕ್ಕೆ ಇಡುತ್ತೇವೆ. ಒಬ್ಬ ದಾನಿ ತನ್ನ ತಂದೆಯ ಹೆಸರಿನಲ್ಲಿ ಮಳೆ ನೀರಿನ ಟಾಕಿ ಕೊಟ್ಟದ್ದನ್ನು ನಾನಂತೂ ಕಂಡಿಲ್ಲ. ಸನ್ಮಾನಕ್ಕೆ ಕೊಡುವ ಹೂಗುಚ್ಛದ ಪ್ಲಾಸ್ಟಿಕ್ ಹೊದಿಕೆಯ ಬಗ್ಗೆ ಮಾತಾಡಿದರೆ ಇನ್ನೊಂದು ಲೇಖನವಾದೀತು. ಬಾಳೆ ಎಲೆಯ ಊಟ ಮಾತ್ರ ನಾವು ಬಿಟ್ಟಿಲ್ಲ, ಅದಕ್ಕೆ ನಮ್ಮ ಹೊಟೇಲು ಉದ್ಯಮದ ಹಿರಿಯರಿಗೆ ಕೃತಜ್ಞತೆ ಹೇಳಬೇಕು.

ಈಗ ಮತ್ತೆ ನಕಾಶೆಗೆ ಬರೋಣ. ನಾನು ರಿಡೆವಲಪ್‌ಮೆಂಟಿನ ವಿರೋಧಿಯಲ್ಲ. ನಮ್ಮ ಕಂಬಗಳ ಕಬ್ಬಿಣ ತುಕ್ಕು ಹಿಡಿದಿದೆ, ಎರಡು ಬಾರಿ ಸಿಮೆಂಟ್ ಕವಚ ಹಾಕಿಸಿದರೂ ಮಳೆಗಾಲದಲ್ಲಿ ಬಾಲ್ಕನಿಯ ತುಂಡು ಕೆಳಗೆ ಬೀಳುತ್ತದೆ. ನಾಲ್ಕನೇ ಅಂತಸ್ತಿನ ಹಿರಿಯರು ಲಿಫ್ಟ್ ಇಲ್ಲದೆ ಆಸ್ಪತ್ರೆಗೆ ಇಳಿಯಲಾರರು. ಸಿಂಕಿಂಗ್ ಫಂಡಿಗೆ ಕಟ್ಟಡದ ವೆಚ್ಚದ ವರ್ಷಕ್ಕೆ ಕಾಲು ಶೇಕಡಾದಂತೆ ಹಾಕಿದ ಹಣದಿಂದ ಹೊಸ ಕಟ್ಟಡವೇನು, ಹೊಸ ತಾರಸಿಯೂ ಆಗದು. ಕಟ್ಟಡ ಬೀಳಲೇ ಬೇಕು. 2019ರಲ್ಲಿ ಸರಕಾರ ತಿದ್ದಿದ ಸೂಚನೆಯಂತೆ ಶೇ. 51 ಸದಸ್ಯರು ಒಪ್ಪಿದರೆ ಸಾಕು, ನಮ್ಮಲ್ಲಿ ಅದಕ್ಕಿಂತ ಹೆಚ್ಚೇ ಇದ್ದಾರೆ, ನಾನೂ ಸೇರಿ.

ಹೊಸ ಕಟ್ಟಡದಲ್ಲಿ ನಿಯಮದಂತೆ ಮಳೆ ನೀರು ಕೊಯ್ಲು ಇರುತ್ತದೆ ಎಂದು ಬಿಲ್ಡರ್ ಕಡೆಯವರು ಹೇಳಿದರು. ಇರುತ್ತದೆ, ಕಾಗದದಲ್ಲಿ ಅದು ಇಲ್ಲದಿದ್ದರೆ ಅನುಮತಿಯೇ ಸಿಗದು. ಆದರೆ ಅಂಗಳದ ತುಂಬ ಪೋಡಿಯಂ, ಅದರ ಕೆಳಗೆ ಕಾಂಕ್ರೀಟ್ ಗುಂಡಿ. ಮಣ್ಣು ಎನ್ನುವುದು ಕುಂಡದಲ್ಲಿ ಮಾತ್ರ. ನೀರು ಇಂಗುವುದು ಎಲ್ಲಿ? ಹೊರಗಿನ ರಸ್ತೆಯೂ ಕಾಂಕ್ರೀಟ್ ಆಗಿದೆ. ಮತ್ತೆ 40 ಮನೆಯ ಜಾಗದಲ್ಲಿ ನೂರಕ್ಕೂ ಹೆಚ್ಚು ಮನೆ ಬರುತ್ತದೆ, ತಾರಸಿ ಮಾತ್ರ ಹೆಚ್ಚಾಗುವುದಿಲ್ಲ. 117 ದಿನದ ನನ್ನ ಹಳೆಯ ಲೆಕ್ಕ ಅಲ್ಲಿ 45 ದಿನಕ್ಕೆ ಇಳಿಯುತ್ತದೆ. ಹಾಗಿರುವಾಗ ಇದ್ದ ಬಾವಿಯನ್ನೂ ಕಳೆದುಕೊಳ್ಳಬೇಕೇ? 2024ರಲ್ಲಿ ಮೇ 30ರಿಂದ ಶೇ. 5, ಜೂನ್ 5ರಿಂದ ಶೇ. 10 ನೀರು ಕಡಿತವಾದಾಗ ಅಕ್ಕಪಕ್ಕದ ಹೊಸ ಗೋಪುರಗಳಿಗೆ ಟ್ಯಾಂಕರ್ ಬಂತು. ನಮ್ಮ 26 ಮನೆಯವರು ಕಡಿತವನ್ನು ಪತ್ರಿಕೆಯಲ್ಲಿ ಓದಿದರು.

ಸಭೆಯ ಬಳಿಕ ನಾವು ನಾಲ್ಕು ಜನ ಕುಳಿತು ಒಂದು ಪಟ್ಟಿ ಮಾಡಿದ್ದೇವೆ. ಪಾರ್ಕಿಂಗ್ ಗುಂಡಿಯನ್ನು ಮೂರೂವರೆ ಮೀಟರ್ ಪೂರ್ವಕ್ಕೆ ಸರಿಸಬೇಕು. ಇದರಿಂದ ನಾಲ್ಕು ಕಾರಿನ ಜಾಗ ಹೋಗುತ್ತದೆ, ಅದರಲ್ಲಿ ಒಂದು ನನ್ನ ಪಾಲಿಗೆ ಬರಬೇಕಾದದ್ದು. ಬಾವಿಯ ಸುತ್ತ ಎರಡು ಮೀಟರ್ ಮಣ್ಣು ಹಾಗೇ ಬಿಡಬೇಕು. ಕಟ್ಟಡ ಒಡೆಯುವಾಗ ಅವಶೇಷ ಬಾವಿಗೆ ಬೀಳದಂತೆ ಹಲಗೆ ಮುಚ್ಚಿ ಬೇಲಿ ಹಾಕಬೇಕು. ಎಲ್ಲ ಮನೆಗೂ ಫ್ಲಶ್‌ಗೆ ಬೇರೆ ಕೊಳವೆ ಮೊದಲೇ ಹಾಕಿಕೊಡಬೇಕು. ಹೊಸದಾಗಿ ಕಟ್ಟುವಾಗ ಇದಕ್ಕೆ ಟೈಲ್ಸ್ ಒಡೆಯಬೇಕಾಗಿಲ್ಲ. ವಾಲ್ವ್, ಸೋಸುವ ಚೌಕದ ಉಸ್ತುವಾರಿಗೆಂದು ಕಾರ್ಪಸ್ ನಿಧಿಯಿಂದ ಒಂದು ಠೇವಣಿ ಬೇರೆ ಇಟ್ಟು, ಅದರ ಬಡ್ಡಿಯನ್ನು ಬೇರೆ ಯಾವುದಕ್ಕೂ ಮುಟ್ಟಬಾರದೆಂದು ಕರಾರಿನಲ್ಲೇ ಬರೆಯಬೇಕು. ಈ ಕೊನೆಯ ಷರತ್ತು ನನ್ನದು. ಬಿಲ್ಡರ್ ಕಡೆಯವರು ಉಳಿದೆಲ್ಲವನ್ನೂ ನೋಡೋಣ ಎಂದಿದ್ದಾರೆ, ಗುಂಡಿ ಸರಿಸುವುದು ಕಷ್ಟ ಎಂದಿದ್ದಾರೆ.

ಗದಗದ ನಮ್ಮ ಹಳೆಯ ವಾಚ್‌ಮನ್‌ಗೆ ಫೋನ್ ಮಾಡಿ ವಿಷಯ ತಿಳಿಸಿದೆ. "ಹಾಜರಿ ಪುಸ್ತಕ ಇಟ್ಟೀರೇನ್ರಿ? ಅದ್ರಾಗ ನೀರಿನ ಲೆಕ್ಕ ಐತಿ, ತೋರ್ಸ್ರಿ ಅವ್ರಿಗೆ" ಎಂದರು. ಹುಡುಕಿದಾಗ ಸೊಸೈಟಿ ಕಚೇರಿಯ ಕಪಾಟಿನಲ್ಲಿ ಐದು ಪುಸ್ತಕ ಸಿಕ್ಕಿವೆ, ಒಂದಕ್ಕೆ ಗೆದ್ದಲು ಹಿಡಿದಿದೆ. 2011ರಿಂದ 2016ರ ತನಕದ ಮಟ್ಟವನ್ನು ಒಂದು ದೊಡ್ಡ ಹಾಳೆಗೆ ಇಳಿಸುತ್ತಿದ್ದೇನೆ. ಮುಂದಿನ ಸಭೆ ಬರುವ ತಿಂಗಳ ಮೂರನೇ ರವಿವಾರ ಬೆಳಿಗ್ಗೆ ಹತ್ತಕ್ಕೆ.